ಏಡಿಗೂ ತನ್ನ ಜಾಗ ಅಂತ ಇರುತ್ತಾ?

ಪ್ರಶ್ನೆ: ಹೋದ ತಿಂಗಳು ಗೋಕರ್ಣಕ್ಕೆ ಹೋಗಿದ್ದೆವು. ಊರಿನಿಂದ ಸ್ವಲ್ಪ ದೂರದ ಬೀಚು, ಜನ ಕಡಿಮೆ. ಮರಳಿನ ತುಂಬ ಏಡಿ ಬಿಲಗಳು, ನಾಲ್ಕೈದು ಅಡಿಗೊಂದು. ಒಂದು ಏಡಿ ಇನ್ನೊಂದರ ಬಿಲದ ಹತ್ತಿರ ಹೋದರೆ ಒಳಗಿದ್ದದ್ದು ಹೊರಬಂದು ಅಟ್ಟಿಸುತ್ತಿತ್ತು. ಏಡಿಗಳಿಗೂ ತಮ್ಮ ಜಾಗ ಅಂತ ಇರುತ್ತಾ? ಇಷ್ಟು ಬಿಲಗಳ ನಡುವೆ ತನ್ನದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ನಮ್ಮ ಕಡೆ ಸಾಮಾನ್ಯವಾಗಿ ಕಾಣುವ ಏಡಿಗಳು ಯಾವುವು? ಮಗ ಒಂದನ್ನು ಹಿಡಿದು ಬಕೆಟ್ಟಿಗೆ ಸಮುದ್ರದ ನೀರು ತುಂಬಿ ಬಿಟ್ಟಿದ್ದ. ಬೆಳಗ್ಗೆ ಸತ್ತುಹೋಗಿತ್ತು. ಸಮುದ್ರದ್ದೇ ನೀರು ಅಲ್ವಾ, ಯಾಕೆ ಸತ್ತಿತು? ಇನ್ನೊಂದು, ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿ ಗದ್ದೆ ಅಂಚು ಕೊರೆಯುವ ಏಡಿಯೂ ಇದೇ ಜಾತಿಯದಾ? ಅದಕ್ಕೆ ಏನು ಮಾಡಬಹುದು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಬಕೆಟ್ಟಿನ ಏಡಿಯ ವಿಚಾರ ಹೇಳಿಬಿಡುತ್ತೇನೆ. ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಅದು ನೀರಿನಲ್ಲಿ ಮುಳುಗಿ ಸತ್ತಿದೆ. ಕೇಳಲು ವಿಚಿತ್ರ, ಆದರೆ ನಿಜ. ನೀವು ನೋಡಿದ್ದು ಗೋಸ್ಟ್ ಕ್ರ್ಯಾಬ್ ಎಂದು ಕರೆಯುವ ಮರಳ ಏಡಿ, ಓಸಿಪೋಡ್ ಎಂಬ ಕುಲದ್ದು. ಅದಕ್ಕೂ ಮೀನಿನಂತೆ ಕಿವಿರುಗಳಿವೆ. ಆದರೆ ಅದು ಉಸಿರಾಡುವುದು ಗಾಳಿಯನ್ನು. ಕಿವಿರು ಇರುವ ಗೂಡಿನ ಒಳಗೋಡೆಯಲ್ಲಿ ರಕ್ತನಾಳಗಳು ತುಂಬಿಕೊಂಡಿವೆ, ಆ ಗೋಡೆಯೇ ಶ್ವಾಸಕೋಶದ ಕೆಲಸ ಮಾಡುತ್ತದೆ. ಕಿವಿರು ಒಣಗಬಾರದು, ಅಷ್ಟೇ. ಅದಕ್ಕಾಗಿ ಏಡಿ ಆಗಾಗ ಅಲೆಯ ಅಂಚಿಗೆ ಹೋಗಿ ಮೈ ಒದ್ದೆ ಮಾಡಿಕೊಂಡು ಬರುತ್ತದೆ. ಕಾಲಿನ ಬುಡದಲ್ಲಿರುವ ಕೂದಲಿನ ಕುಚ್ಚುಗಳಿಂದ ಹಸಿ ಮರಳಿನ ತೇವವನ್ನೂ ಹೀರಿಕೊಳ್ಳುತ್ತದೆ. ಇಂಥ ಪ್ರಾಣಿಯನ್ನು ನಿಂತ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೆ ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ. ನಿಮ್ಮ ಮಗನನ್ನು ಬೈಯಬೇಡಿ. ದೊಡ್ಡವರೂ ಸುಮ್ನೆ ಇದೇ ಕೆಲಸ ಮಾಡುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಏಡಿಗೆ ತನ್ನ ಜಾಗ ಅಂತ ಇರುತ್ತಾ? ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇಲ್ಲವೇ ಇಲ್ಲ. ಇರುವ ಏಡಿಗಳೂ ಕಾಯುವುದು ನೆಲವನ್ನಲ್ಲ, ಬಿಲವನ್ನು. ಬಿಲದ ಸುತ್ತಲಿನ ಒಂದಷ್ಟು ಜಾಗ ಬಿಲದ ಜೊತೆಗೆ ಬರುತ್ತದೆ, ಅಷ್ಟೇ. ಹಾಗಾಗಿ ಯಾವುದಾದರೂ ಏಡಿ ಎಷ್ಟು ಜಗಳಗಂಟಿ ಎಂದು ತಿಳಿಯಬೇಕಾದರೆ ನಾನು ಮೊದಲು ಕೇಳುವುದು ಒಂದೇ: ಇದಕ್ಕೆ ಬಿಲ ಯಾತಕ್ಕೆ ಬೇಕು?

ಮರಳ ಏಡಿಗೆ ಬಿಲ ಎಲ್ಲದಕ್ಕೂ ಬೇಕು. ನಡುಹಗಲಿನ ಬೀಚಿನ ಮರಳು ಬರಿಗಾಲಲ್ಲಿ ನಿಲ್ಲಲಾಗದಷ್ಟು ಕಾದಿರುತ್ತದೆ. ಮೇಲೆ ಗರುಡ, ಕಾಗೆ. ನೆಲದಲ್ಲಿ ನಾಯಿ. ಬಿಲದೊಳಗೆ ಮಾತ್ರ ತಂಪು, ತೇವ, ರಕ್ಷಣೆ ಮೂರೂ ಇವೆ. ದೊಡ್ಡ ಏಡಿಯ ಬಿಲ ಒಂದು ಮೀಟರಿಗೂ ಮೀರಿ ಆಳ ಹೋಗಬಹುದು, ಒದ್ದೆ ಮರಳು ಸಿಗುವವರೆಗೆ ತೋಡುತ್ತದೆ. ಬಿಸಿಲೇರಿದ ಮೇಲೆ ಎಷ್ಟೋ ಏಡಿಗಳು ಒಳಗಿನಿಂದ ಬಾಯಿ ಮುಚ್ಚಿಕೊಂಡುಬಿಡುತ್ತವೆ. ನೀವು ಕಂಡದ್ದಕ್ಕಿಂತ ಜಾಸ್ತಿ ಬಿಲಗಳು ಆ ಬೀಚಿನಲ್ಲಿ ಇದ್ದಿರಬೇಕು.

ಇನ್ನೊಮ್ಮೆ ಹೋದಾಗ ಬಿಲದ ಅಗಲ ಗಮನಿಸಿ. ನೀರಿನ ಅಂಚಿನ ಹತ್ತಿರ ಬೆರಳು ಹೋಗುವಷ್ಟು ಸಣ್ಣ ಬಿಲಗಳು, ಮೇಲೆ ಬಳ್ಳಿ ಹಬ್ಬಿದ ದಿಬ್ಬದ ಕಡೆಗೆ ಹೋದಂತೆ ದೊಡ್ಡ ಬಿಲಗಳು. ಮರಿಗಳು ನೀರನ್ನು ಬಿಟ್ಟು ಬಹಳ ದೂರ ಇರಲಾರವು. ಹಗಲು ಹೊತ್ತು ಓಡಾಡುವುದೂ ಹೆಚ್ಚಾಗಿ ಅವೇ. ಬೆಳೆದ ಏಡಿಗಳಿಗೆ ಕತ್ತಲಾದ ಮೇಲೆಯೇ ಬೆಳಗು. ರಾತ್ರಿ ಟಾರ್ಚ್ ಹಾಕಿದರೆ ಸೆಕೆಂಡಿಗೆ ಎರಡು ಮೀಟರಿನಷ್ಟು ವೇಗದಲ್ಲಿ ಓಡುವುದು ಕಾಣುತ್ತದೆ.

ಇವುಗಳಲ್ಲಿ ಕೊಂಬುಗಣ್ಣಿನ ಏಡಿಯನ್ನು ಗುರುತಿಸುವುದು ಬಹಳ ಸುಲಭ. ಬೆಳೆದವುಗಳ ಕಣ್ಣಿನ ಮೇಲೆ ಚೂಪಾದ ಕೊಂಬು ಎದ್ದಿರುತ್ತದೆ. ಮರಿಗಳಿಗೆ ಇರುವುದಿಲ್ಲ. ಬಂಗಾಳದ ದಿಘಾ ಕಡೆ ಹೋದರೆ ಕೆಂಪು ಬಣ್ಣದ ಮರಳ ಏಡಿಗಳು ಹಿಂಡುಹಿಂಡಾಗಿ ಸಿಗುತ್ತವೆ, ಅದು ಬೇರೆ ಜಾತಿ.

ಜಗಳದ ರೀತಿ ಸ್ವಾರಸ್ಯವಾಗಿದೆ. ಬಂದವನು ಬಿಲದ ಹತ್ತಿರ ಬಂದ ತಕ್ಷಣ ಒಡೆಯ ಮೇಲೆ ಬೀಳುವುದಿಲ್ಲ. ಮೊದಲು ಕಾಲು ಚಾಚಿ ಮೈ ಎತ್ತರಿಸುತ್ತದೆ. ಆಮೇಲೆ ಕೊಂಬುಗಳನ್ನು ಅಗಲಿಸಿ ತೋರಿಸುತ್ತದೆ (ಚಿಮುಟದಂಥ ಆ ಮುಂಗಾಲನ್ನು ಕರಾವಳಿಯಲ್ಲಿ ಕೊಂಬು ಎಂದೇ ಅನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ). ಎದುರಿನದು ಚಿಕ್ಕದಾದರೆ ಇಷ್ಟಕ್ಕೇ ಓಟ. ಎರಡೂ ಸರಿಸಮ ಇದ್ದರೆ ಮಾತ್ರ ಕೊಂಬು ಕೊಂಬು ತಾಗಿಸಿ ತಳ್ಳಾಟ. ಕೊಂಬು ಮುರಿದರೆ ಮತ್ತೆ ಬೆಳೆಯುತ್ತದೆ, ನಿಜ. ಆದರೆ ಪೊರೆ ಬಿಟ್ಟಾಗಷ್ಟೇ ಬೆಳೆಯುತ್ತದೆ, ಪೂರ್ತಿ ಗಾತ್ರಕ್ಕೆ ಬರಲು ಹಲವು ಪೊರೆ ಬೇಕು. ಅಲ್ಲಿಯವರೆಗೆ ತಿನ್ನುವುದೂ ಕಷ್ಟ, ಕಾದಾಡುವುದೂ ಕಷ್ಟ. ಒಂದು ಬಿಲಕ್ಕಾಗಿ ಇಷ್ಟು ನಷ್ಟ ಮಾಡಿಕೊಳ್ಳುವುದು ಎರಡಕ್ಕೂ ಬೇಕಿಲ್ಲ. ಸೋತವನು ಪಕ್ಕದಲ್ಲಿ ಹೊಸದು ತೋಡಿಕೊಳ್ಳಬಹುದು, ಮರಳು ಬೇಕಾದಷ್ಟಿದೆ.

ಇವು ಸದ್ದನ್ನೂ ಮಾಡುತ್ತವೆ. ಹಲವು ಜಾತಿಗಳ ದೊಡ್ಡ ಕೊಂಬಿನ ಒಳಬದಿಯಲ್ಲಿ ಸಾಲು ಗೀರುಗಳಿವೆ. ಅದನ್ನು ಅದೇ ಕಾಲಿನ ಬುಡಕ್ಕೆ ಉಜ್ಜಿದರೆ ಕರಕರ ಎನ್ನುತ್ತದೆ. ಬಿಲದೊಳಗೆ ಕೂತೇ ‘ಇಲ್ಲಿ ನಾನಿದ್ದೇನೆ’ ಎಂದು ಹೇಳುವ ದಾರಿ ಇದು. ಅಟ್ಲಾಂಟಿಕ್ ತೀರದ ಮರಳ ಏಡಿಗೆ ಇದಕ್ಕಿಂತ ಮಜವಾದ ಉಪಾಯ ಇದೆ. ಏಡಿಯ ಹೊಟ್ಟೆಯೊಳಗೆ ಆಹಾರ ಅರೆಯಲು ಹಲ್ಲುಗಳಿರುತ್ತವೆ. ಎದುರಾಳಿ ಬಂದಾಗ ಆ ಏಡಿ ಹೊಟ್ಟೆಯ ಹಲ್ಲುಗಳನ್ನೇ ಮಸೆದು ಗುರುಗುಟ್ಟುತ್ತದೆ ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಕೊಂಬನ್ನು ಕಾದಾಟಕ್ಕೆ ಸಿದ್ಧವಾಗಿ ಹಿಡಿದುಕೊಂಡೇ ಬೆದರಿಸಬಹುದಲ್ಲ!

ಮರಳ ಏಡಿಯ ಊಟದ ಬಗ್ಗೆ ಒಂದು ಮಾತು. ಸತ್ತ ಮೀನು, ಚಿಪ್ಪಿನ ಹುಳು, ಅಲೆಯಂಚಿನ ಮರಳಲ್ಲಿ ಹುದುಗುವ ಸಣ್ಣ ಪ್ರಾಣಿಗಳು ಎಲ್ಲವೂ ಆಗುತ್ತದೆ. ಹೊನ್ನಾವರ, ಕಾರವಾರದ ತೀರಗಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳ ಮರಿಗಳೂ ಆಗುತ್ತವೆ. ಇದನ್ನು ಕೇಳಿ ಏಡಿಯ ಮೇಲೆ ಸಿಟ್ಟಾಗುವವರಿದ್ದಾರೆ. ಏಡಿ ಆಮೆ ಮರಿ ತಿನ್ನುವುದು ಹೊಸದೇನಲ್ಲ. ತೀರಕ್ಕೆ ಹೊಸದಾಗಿ ಬಂದದ್ದು ರೆಸಾರ್ಟಿನ ದೀಪ, ಜೀಪಿನ ಚಕ್ರ. ಮರಳ ಮೇಲೆ ಗಾಡಿ ಓಡಿಸಿದರೆ ಏಡಿಗಳೂ ಸಾಯುತ್ತವೆ. ಎಷ್ಟೋ ದೇಶಗಳಲ್ಲಿ ಬೀಚಿನ ಮೇಲೆ ಜನರ ಒತ್ತಡ ಎಷ್ಟಿದೆ ಎಂದು ಅಳೆಯಲು ಈ ಏಡಿ ಬಿಲಗಳನ್ನೇ ಎಣಿಸುತ್ತಾರೆ. ನೀವು ಜನ ಕಡಿಮೆ ಇದ್ದ ಕಡೆ ಜಾಸ್ತಿ ಬಿಲ ಕಂಡದ್ದು ಆಕಸ್ಮಿಕ ಅಲ್ಲ.

ತನ್ನ ಬಿಲ ಯಾವುದೆಂದು ಹೇಗೆ ಗೊತ್ತಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಚೆನ್ನಾಗಿ ಸಿಕ್ಕಿರುವುದು ಇನ್ನೊಂದು ಏಡಿಯಲ್ಲಿ. ಅದು ಫಿಡ್ಲರ್ ಏಡಿ. ಮರಳಲ್ಲಿ ಅಲ್ಲ, ಅಳಿವೆಯ ಕೆಸರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ಇರುತ್ತದೆ. ಅಘನಾಶಿನಿ, ಕಾಳಿ, ಶರಾವತಿ, ಕುಂದಾಪುರದ ಪಂಚಗಂಗಾವಳಿ, ಎಲ್ಲ ಕಡೆ ಇವೆ. ಹೆಬ್ಬೆರಳಿನ ಗಾತ್ರದ ಪ್ರಾಣಿ. ಗಂಡಿಗೆ ಒಂದು ಕೊಂಬು ಮೈಗಿಂತ ದೊಡ್ಡದು, ಇನ್ನೊಂದು ಪುಟಾಣಿ. ಹೆಣ್ಣಿಗೆ ಎರಡೂ ಪುಟಾಣಿ. ಹೆಣ್ಣು ಎರಡೂ ಕೈಯಲ್ಲಿ ಕೆಸರು ಎತ್ತಿ ಬಾಯಿಗೆ ಹಾಕುತ್ತಿದ್ದರೆ ಗಂಡು ಒಂದೇ ಕೈಯಲ್ಲಿ ತಿನ್ನಬೇಕು. ದೊಡ್ಡ ಕೊಂಬು ಊಟಕ್ಕೆ ಕೆಲಸಕ್ಕೆ ಬಾರದು, ಹೆಣ್ಣನ್ನು ಕರೆಯಲು ಮತ್ತು ಗಂಡನ್ನು ಓಡಿಸಲು ಮಾತ್ರ.

ಇವುಗಳ ಬಿಲಗಳು ಒತ್ತೊತ್ತಾಗಿರುತ್ತವೆ. ಒಂದೊಂದರ ಸುತ್ತ ಒಂದು ಗೇಣು, ಹೆಚ್ಚೆಂದರೆ ಎರಡು ಗೇಣು ಜಾಗ. ನೀರು ಇಳಿದಾಗ ಹೊರಬಂದು ಅಲ್ಲೇ ಕೆಸರು ಮೇಯುತ್ತವೆ. ಹಕ್ಕಿಯ ನೆರಳು ಬಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಬಿಲ ಸೇರುತ್ತವೆ. ಏಡಿಯ ಎತ್ತರಕ್ಕೆ ಸಪಾಟು ಕೆಸರಿನಲ್ಲಿ ತೂತು ಕಾಣುವುದೇ ಕಷ್ಟ. ಹಾಗಾದರೆ ಹೇಗೆ? ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದಕ್ಕೆ ಒಂದು ಸರಳ ಪ್ರಯೋಗ ಮಾಡಿದರು. ಏಡಿ ಮೇಯುತ್ತಿರುವ ಜಾಗದಲ್ಲಿ ಒಂದು ಹಾಳೆ ಹಾಸಿ, ಏಡಿ ಅದರ ಮೇಲೆ ಬಂದಾಗ ಹಾಳೆಯನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಆಮೇಲೆ ಹೆದರಿಸಿದರು. ಏಡಿ ನೇರವಾಗಿ ಓಡಿತು, ಆದರೆ ಬಿಲಕ್ಕಲ್ಲ. ಹಾಳೆ ಸರಿಯದೆ ಇದ್ದಿದ್ದರೆ ಬಿಲ ಎಲ್ಲಿರಬೇಕಿತ್ತೋ ಅಲ್ಲಿಗೆ. ಅಲ್ಲಿ ನಿಂತು ಕಾಲಿನಿಂದ ತಡಕಾಡಿತು. ನಿಜವಾದ ಬಿಲ ಸ್ವಲ್ಪ ದೂರದಲ್ಲೇ ಇತ್ತು.

ಅಂದರೆ ಏಡಿ ಬಿಲವನ್ನು ನೋಡಿ ಓಡುವುದಿಲ್ಲ. ಹೊರಟಾಗಿನಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂಬ ಲೆಕ್ಕ ಒಳಗೆ ನಡೆದೇ ಇರುತ್ತದೆ. ಮೇಯುವಾಗಲೂ ಮೈಯ ಒಂದು ಪಕ್ಕವನ್ನು ಬಿಲದ ಕಡೆಗೇ ಇಟ್ಟುಕೊಂಡಿರುತ್ತದೆ. ಅಡ್ಡಡ್ಡ ನಡೆಯುವ ಪ್ರಾಣಿಗೆ ಇದು ಎಷ್ಟು ಅನುಕೂಲ ನೋಡಿ. ತಿರುಗಿ ನಿಲ್ಲುವ ಕೆಲಸವೇ ಇಲ್ಲ, ಇದ್ದ ಹಾಗೇ ಓಟ.

ಇದಕ್ಕಿಂತಲೂ ನನಗೆ ಬೆರಗು ತಂದದ್ದು ಆಸ್ಟ್ರೇಲಿಯಾದ ಹೆಮ್ಮಿ ಮತ್ತು ಜೈಲ್ ಎಂಬ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಕೆಲಸ. ಬಿಲದಿಂದ ದೂರ ಮೇಯುತ್ತಿರುವ ಏಡಿ ಯಾವಾಗ ಓಡಿಬಂದು ಬಿಲ ಕಾಯುತ್ತದೆ ಎಂದು ಅವರು ಅಳೆದರು. ಅಪರಿಚಿತ ಏಡಿ ತನ್ನ ಹತ್ತಿರ ಬಂದಾಗ ಅಲ್ಲ, ಬಿಲದ ಹತ್ತಿರ ಬಂದಾಗ! ತಾನು ಎಲ್ಲೇ ಇರಲಿ, ಬಂದವನಿಗೂ ಬಿಲಕ್ಕೂ ನಡುವೆ ಎಷ್ಟು ಅಂತರ ಎಂದು ಅದು ದೂರದಿಂದಲೇ ಲೆಕ್ಕ ಹಾಕುತ್ತದೆ. ಬಿಲವೋ ಅದರ ಕಣ್ಣಿಗೆ ಕಾಣುತ್ತಿಲ್ಲ. ನೀವು ಗೋಕರ್ಣದಲ್ಲಿ ನೋಡಿದ ಅಟ್ಟಾಟವನ್ನು ಇದರ ಜೊತೆ ಇಟ್ಟು ನೋಡಿ. ಏಡಿಯ ಜಾಗ ಎಂದರೆ ಬಿಲ ಎಂದು ಮೊದಲೇ ಹೇಳಿದೆನಲ್ಲ, ಅದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಫಿಡ್ಲರ್ ಗಂಡಿಗೆ ಬಿಲ ಸಂಸಾರದ ಮನೆಯೂ ಹೌದು. ನೀರಿಳಿದ ಬಯಲಿನಲ್ಲಿ ಗಂಡುಗಳೆಲ್ಲ ಬಿಲದ ಬಾಯಲ್ಲಿ ನಿಂತು ದೊಡ್ಡ ಕೊಂಬು ಬೀಸುತ್ತವೆ. ಹೆಣ್ಣು ಒಂದರ ಮನೆಗೆ ಹೋಗಿ ಒಳಗೆ ಇಳಿದು ನೋಡಿ ಹೊರಬಂದು ಇನ್ನೊಂದರ ಮನೆಗೆ ಹೋಗುತ್ತದೆ. ಹೀಗೆ ಹಲವು ಬಿಲ ನೋಡಿದ ಮೇಲೆ ಒಂದನ್ನು ಒಪ್ಪುತ್ತದೆ. ನಮ್ಮ ಕರಾವಳಿಯಲ್ಲೂ ಇರುವ ಆಸ್ಟ್ರೂಕಾ ಆನ್ಯುಲಿಪೆಸ್ ಎಂಬ ಜಾತಿಯಲ್ಲಿ ಹೆಣ್ಣು ಮೊಟ್ಟೆ ಹೊರುವುದೂ ಅದೇ ಬಿಲದೊಳಗೆ. ಕುಸಿಯದ, ತೇವ ಇರುವ ಒಳ್ಳೆಯ ಬಿಲ ಇಲ್ಲದ ಗಂಡು ಕೊಂಬು ಎಷ್ಟು ಬೀಸಿದರೂ ಲಾಭ ಇಲ್ಲ.

ಅದಕ್ಕೇ ಬಿಲಕ್ಕೆ ಇಷ್ಟೊಂದು ರಾಜಕೀಯ. ಇದೇ ಜಾತಿಯನ್ನು ಆಫ್ರಿಕಾದ ಮೊಜಾಂಬಿಕ್ ತೀರದಲ್ಲಿ ಪೆಟ್ರೀಷಿಯಾ ಬ್ಯಾಕ್‌ವೆಲ್ ಮತ್ತು ಜೊತೆಗಾರರು ನೋಡಿದರು, ವರದಿ ಬಂದದ್ದು 2000ದಲ್ಲಿ. ದೊಡ್ಡ ಕೊಂಬು ಒಮ್ಮೆ ಕಳೆದುಕೊಂಡ ಗಂಡಿಗೆ ಹೊಸದು ಬೆಳೆಯುತ್ತದೆ. ಉದ್ದ ಮೊದಲಿನಷ್ಟೇ, ಆದರೆ ತೆಳು, ಹಗುರ, ಒಳಗೆ ಶಕ್ತಿ ಕಡಿಮೆ. ಬೀಸಿದರೆ ಹೆಣ್ಣಿಗೂ ವ್ಯತ್ಯಾಸ ತಿಳಿಯುವುದಿಲ್ಲ, ಎದುರಾಳಿ ಗಂಡಿಗೂ ತಿಳಿಯುವುದಿಲ್ಲ. ಕಾದಾಟಕ್ಕೆ ಇಳಿದರೆ ಮಾತ್ರ ಬಂಡವಾಳ ಬಯಲಾಗುತ್ತದೆ. ಹೆಚ್ಚಿನ ಜಗಳ ತೋರಿಕೆಯಲ್ಲೇ ಮುಗಿಯುವುದರಿಂದ ಈ ಬೂಟಾಟಿಕೆ ನಡೆದುಹೋಗುತ್ತದೆ.

ಆಸ್ಟ್ರೇಲಿಯಾದ ಡಾರ್ವಿನ್ ಕಡೆಯ ಇನ್ನೊಂದು ಫಿಡ್ಲರ್ ಜಾತಿಯಲ್ಲಿ ಅದೇ ಬ್ಯಾಕ್‌ವೆಲ್ ಮತ್ತು ಜೆನಿಯನ್ಸ್ 2004ರಲ್ಲಿ ನೆರೆಹೊರೆಯ ಸಂಗತಿ ಒಂದನ್ನು ಬರೆದರು. ಅಲೆಮಾರಿ ಗಂಡೊಂದು ಚಿಕ್ಕ ಏಡಿಯ ಬಿಲ ಕಸಿಯಲು ಬಂದಾಗ ಪಕ್ಕದ ಮನೆಯ ದೊಡ್ಡ ಏಡಿ ತನ್ನ ಬಿಲ ಬಿಟ್ಟು ಬಂದು ಚಿಕ್ಕದರ ಪರವಾಗಿ ಕಾದಾಡುತ್ತದೆ. ಕನಿಕರದಿಂದಲ್ಲ. ಹಳೆಯ ನೆರೆಯವನ ಜೊತೆ ಗಡಿ ಯಾವುದೆಂದು ಒಮ್ಮೆ ಕಿತ್ತಾಡಿ ಮುಗಿದಿರುತ್ತದೆ. ಹೊಸಬ ಬಂದರೆ, ಅದೂ ಬಲಶಾಲಿ ಬಂದರೆ, ಮತ್ತೆ ಮೊದಲಿನಿಂದ ಶುರು. ಜಮೀನಿನ ಸರ್ವೆ ಕಲ್ಲಿನ ತಕರಾರು ಒಮ್ಮೆಯಾದರೂ ಅನುಭವಿಸಿದವರಿಗೆ ಈ ಏಡಿಯ ಲೆಕ್ಕ ಥಟ್ಟನೆ ಅರ್ಥವಾಗುತ್ತದೆ.

ಬೀಚಿನಲ್ಲಿ ನೀರಿಳಿದಾಗ ಮರಳಿನ ಪುಟ್ಟ ಪುಟ್ಟ ಉಂಡೆಗಳು ಬಿಲದ ಸುತ್ತ ಚಿತ್ತಾರದಂತೆ ಹರಡಿರುವುದನ್ನು ನೋಡಿದ್ದೀರಾ? ಕಾಳಿನಷ್ಟು ಸಣ್ಣ ಉಂಡೆಗಳು. ಅದು ಡೊಟಿಲ್ಲಾ, ಸ್ಕೋಪಿಮೆರಾ ಎಂಬ ಕುಲಗಳ ಚಿಕ್ಕ ಏಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿ, ಅದಕ್ಕೆ ಅಂಟಿದ ಪಾಚಿ ಮತ್ತು ಕೊಳೆತ ಚೂರುಗಳನ್ನು ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ಬಿಡುತ್ತವೆ. ಒಮ್ಮೆ ಸೋಸಿದ ಮರಳನ್ನು ಮತ್ತೆ ಸೋಸದಿರಲು ಉಂಡೆಯೇ ಗುರುತು. ನೀರು ಏರಿದರೆ ಎಲ್ಲ ಅಳಿಸಿಹೋಗುತ್ತದೆ, ಇಳಿದ ಮೇಲೆ ಮತ್ತೆ ಶುರು. ಇವಕ್ಕೆ ಕಾಲಿನ ಮೇಲೆ ತೆಳು ಪೊರೆಯ ಕಿಟಕಿಗಳಿವೆ, ಅವುಗಳ ಮೂಲಕ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತವೆ. ಕಾಲಿನಿಂದ ಉಸಿರಾಟ!

ಅದೇ ಬೀಚಿನ ಒದ್ದೆ ಮರಳಲ್ಲಿ ಇನ್ನೊಂದು ಸಿಗುತ್ತದೆ, ಮಟೂಟಾ. ಹಳದಿ ಮೈ ಮೇಲೆ ಸಣ್ಣ ಚುಕ್ಕೆಗಳು, ಎರಡೂ ಪಕ್ಕ ಒಂದೊಂದು ಮುಳ್ಳು. ಇದಕ್ಕೆ ಬಿಲ ಇಲ್ಲ. ಕಾಲುಗಳು ಚಪ್ಪಟೆ. ಹಿಂದುಹಿಂದಕ್ಕೆ ಜಾರಿ ಮರಳಲ್ಲಿ ಹುದುಗುತ್ತದೆ. ಅಲೆಯಲ್ಲಿ ಆಡುವ ಮಕ್ಕಳ ಕಾಲು ಕಚ್ಚುವವರಲ್ಲಿ ಇದೂ ಒಬ್ಬ.

ಸನ್ಯಾಸಿ ಏಡಿಯ ಕತೆಯೇ ಬೇರೆ. ಇದು ಶಂಖದ ಚಿಪ್ಪು ಹೊತ್ತು ನಡೆಯುವಂಥದ್ದು, ಲೆಕ್ಕಕ್ಕೆ ನಿಜವಾದ ಏಡಿಗಳ ಗುಂಪಿಗೆ ಸೇರುವುದಿಲ್ಲ, ಹತ್ತಿರದ ಬಂಧು. ಹಿಂಭಾಗ ಮೆತ್ತಗೆ, ಕವಚ ಇಲ್ಲ. ಹಾಗಾಗಿ ಖಾಲಿ ಚಿಪ್ಪೇ ಮನೆ. ಮನೆಯನ್ನೇ ಹೊತ್ತು ತಿರುಗುವವನಿಗೆ ನೆಲದ ಮೇಲೆ ಹಟ ಇಲ್ಲ. ಜಗಳವೆಲ್ಲ ಚಿಪ್ಪಿಗಾಗಿ. ಒಂದು ಏಡಿ ತನ್ನ ಚಿಪ್ಪನ್ನು ಇನ್ನೊಂದರ ಚಿಪ್ಪಿಗೆ ಟಕಟಕ ಬಡಿದು, ಒಳಗಿದ್ದದ್ದು ಸೋತು ಹೊರಬಂದ ಮೇಲೆ ಅದರ ಮನೆ ಸೇರುತ್ತದೆ. ದೊಡ್ಡ ಖಾಲಿ ಚಿಪ್ಪು ಸಿಕ್ಕಾಗ ಹಲವು ಏಡಿಗಳು ಗಾತ್ರದ ಪ್ರಕಾರ ಸಾಲು ನಿಂತು, ದೊಡ್ಡದು ಮನೆ ಬದಲಿಸಿದ ಕೂಡಲೇ ಅದರ ಹಳೆ ಚಿಪ್ಪಿಗೆ ಮುಂದಿನದು, ಅದರದ್ದಕ್ಕೆ ಇನ್ನೊಂದು ನುಗ್ಗುವುದೂ ಉಂಟು. ಬೀಚಿನಿಂದ ಚಂದದ ಶಂಖ ಆರಿಸಿ ಮನೆಗೆ ತರುವ ಅಭ್ಯಾಸ ನಿಮ್ಮ ಮನೆಯಲ್ಲೂ ಇದ್ದರೆ, ದಯವಿಟ್ಟು ಅಲ್ಲೇ ಬಿಡಿ.

ಇನ್ನು ಮೀನು ಮಾರ್ಕೆಟ್ಟಿನ ಏಡಿಗಳು. ಮಂಗಳೂರು, ಮಲ್ಪೆಯ ಬುಟ್ಟಿಗಳಲ್ಲಿ ಹೆಚ್ಚಾಗಿ ಇರುವುದು ಈಜುವ ಏಡಿಗಳು. ಕೊನೆಯ ಜೋಡಿ ಕಾಲು ದೋಣಿಯ ಹುಟ್ಟಿನಂತೆ ಅಗಲ. ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ಇದ್ದರೆ ಅದೊಂದು ಜಾತಿ. ಶಿಲುಬೆಯಂಥ ಗುರುತು ಇದ್ದರೆ ಇನ್ನೊಂದು. ನೀಲಿ ಏಡಿ ಮತ್ತೊಂದು, ಅದರಲ್ಲಿ ಗಂಡು ಮಾತ್ರ ನೀಲಿ, ಹೆಣ್ಣು ಹಸಿರು ಮಿಶ್ರಿತ ಕಂದು. ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎಂದು ಕೇಳಿದರೆ ಎಲ್ಲವೂ ಒಂದೇ ಬುಟ್ಟಿಯಲ್ಲಿ ಬರುತ್ತವೆ. ಗಂಡು ಹೆಣ್ಣು ಗುರುತಿಸಲು ತಿರುಗಿಸಿ ಹೊಟ್ಟೆಯ ಮುಚ್ಚಳ ನೋಡಿ. ಕಿರಿದಾಗಿ ಚೂಪಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಈ ಈಜುವ ಏಡಿಗಳಿಗೆ ಬಿಲ ಇಲ್ಲ, ಹಾಗಾಗಿ ಸ್ವಂತ ಜಾಗವೂ ಇಲ್ಲ. ಹಗಲು ಸಮುದ್ರದ ತಳದ ಮರಳಲ್ಲಿ ಹುದುಗಿ, ಆಹಾರ ಇದ್ದ ಕಡೆ ಹೋಗುತ್ತವೆ. ಹುಣ್ಣಿಮೆಗೆ ಏಡಿಯಲ್ಲಿ ಮಾಂಸ ಇರುವುದಿಲ್ಲ ಎಂದು ಕರಾವಳಿಯಲ್ಲಿ ಹೇಳುತ್ತಾರೆ. ಕೊಳ್ಳುವಾಗ ಚಂದ್ರನಿಗಿಂತ ಚಿಪ್ಪನ್ನು ನಂಬುವುದು ಒಳ್ಳೆಯದು. ಹೊಸದಾಗಿ ಪೊರೆ ಬಿಟ್ಟ ಏಡಿಯ ಒಳಗೆ ನೀರೇ ಜಾಸ್ತಿ. ಹೊಟ್ಟೆಯ ಕಡೆ ಒತ್ತಿದರೆ ಅದುಮಿಕೊಂಡರೆ ಬಿಟ್ಟುಬಿಡಿ, ಗಟ್ಟಿಯಾಗಿದ್ದು ಕೈಗೆ ಭಾರ ಅನಿಸಿದರೆ ತಗೊಳ್ಳಿ.

ಅಳಿವೆಯ ಕೆಸರೇಡಿ ಬಿಲ ಕಾಯುವ ಏಡಿಗಳಿಗೂ ಬಿಲವೇ ಇಲ್ಲದ ಈಜುವ ಏಡಿಗಳಿಗೂ ನಡುವಿನದು. ದೊಡ್ಡ ಹಸಿರು ಜಾತಿ ಎರಡು ಕಿಲೋಗೂ ಮೀರಿ ಬೆಳೆಯಬಲ್ಲದು. ಅದು ಓಡಾಡುವುದು ಜಾಸ್ತಿ, ಒಂದೇ ರಾತ್ರಿ ಕೆಲವು ನೂರು ಮೀಟರ್ ಸುತ್ತುತ್ತದೆ. ಕೊಂಬು ಕೆಂಪಗಿರುವ ಸಣ್ಣ ಜಾತಿಗೆ ಕಾಂಡ್ಲಾ ಬುಡದ ಬಿಲವೇ ಇಷ್ಟ, ಕಬ್ಬಿಣದ ಕೊಕ್ಕೆ ಹಾಕಿ ಎಳೆಯುವವರಿಗೆ ಸಿಗುವುದು ಹೆಚ್ಚಾಗಿ ಅದೇ. ಮೊಟ್ಟೆ ಬಿಡುವ ಕಾಲಕ್ಕೆ ಹೆಣ್ಣುಗಳು ಅಳಿವೆ ಬಿಟ್ಟು ಸಮುದ್ರಕ್ಕೆ ಹೋಗುತ್ತವೆ, ಗಂಡುಗಳು ಇಲ್ಲೇ. ಕೆಸರೇಡಿಗಳು ಒಂದನ್ನೊಂದು ತಿನ್ನುತ್ತವೆ. ಅದರಲ್ಲೂ ಪೊರೆ ಬಿಟ್ಟು ಮೆತ್ತಗಿರುವಾಗ ಸಿಕ್ಕರೆ ಮುಗಿಯಿತು. ಹೀಗಾಗಿ ಮಾರುವಾಗ ಕೊಂಬಿಗೆ ದಾರ ಕಟ್ಟುತ್ತಾರೆ, ಸಾಕುವ ಕಡೆ ಒಂದೊಂದಕ್ಕೆ ಒಂದೊಂದು ಪೆಟ್ಟಿಗೆ ಇಡುತ್ತಾರೆ.

ಬುಟ್ಟಿಯ ಏಡಿಗಳು ಮೇಲೆ ಹತ್ತುವುದನ್ನು ಕೆಳಗೆ ಎಳೆಯುತ್ತವೆ ಎಂಬ ಕತೆಯನ್ನು ನೀವು ಭಾಷಣಗಳಲ್ಲಿ ಕೇಳಿರುತ್ತೀರಿ. ಏಡಿಯ ಮೇಲೆ ಹೊರಿಸಿದ ಸುಳ್ಳು ಆರೋಪ ಅದು. ಬುಟ್ಟಿಯಲ್ಲಿ ಬಿಲ ಇಲ್ಲ, ಅಡಗಲು ಮರೆ ಇಲ್ಲ. ಸಿಕ್ಕಿದ್ದನ್ನು ಹಿಡಿದು ಎಲ್ಲವೂ ಹತ್ತಲು ನೋಡುತ್ತವೆ. ಸಿಗುವುದು ಇನ್ನೊಂದರ ಕಾಲು.

ಕೊನೆಗೆ ತೀರ್ಥಹಳ್ಳಿಯ ಗದ್ದೆ. ಅಲ್ಲಿಯದು ಪೂರ್ತಿ ಬೇರೆ ಬಳಗ, ಸಿಹಿನೀರಿನ ಏಡಿಗಳು. ಗದ್ದೆ ಅಂಚಿನಲ್ಲಿ, ತೋಡಿನ ದಂಡೆಯಲ್ಲಿ ಸಿಗುವ ದೊಡ್ಡ ಏಡಿ ಹೆಚ್ಚಾಗಿ ಬ್ಯಾರಿಟೆಲ್ಫುಸಾ ಕುಲದ್ದು. ಸಮುದ್ರದ ಏಡಿಗಳ ಮೊಟ್ಟೆಯಿಂದ ಬರುವುದು ಏಡಿಯ ರೂಪವೇ ಇಲ್ಲದ ಸೂಕ್ಷ್ಮ ಮರಿ. ಅದು ವಾರಗಟ್ಟಲೆ ನೀರಲ್ಲಿ ತೇಲಿ ದೂರ ಹೋಗಿ ಆಮೇಲೆ ಏಡಿಯಾಗುತ್ತದೆ. ಗದ್ದೆಯ ಏಡಿಗೆ ಈ ಹಂತವೇ ಇಲ್ಲ. ಮೊಟ್ಟೆಯಿಂದ ನೇರ ಪುಟಾಣಿ ಏಡಿಗಳೇ ಹೊರಬರುತ್ತವೆ, ಕೆಲವು ದಿನ ತಾಯಿಯ ಹೊಟ್ಟೆಯ ಮುಚ್ಚಳದಡಿ ಇರುತ್ತವೆ. ಮಳೆಗಾಲದಲ್ಲಿ ಏಡಿ ಹಿಡಿದವರು ಇದನ್ನು ನೋಡಿರುತ್ತಾರೆ.

ತೇಲಿ ದೂರ ಹೋಗುವ ದಾರಿ ಇಲ್ಲದ್ದರಿಂದ ಒಂದೊಂದು ಹಳ್ಳ, ಒಂದೊಂದು ಗುಡ್ಡದಲ್ಲಿ ಏಡಿಗಳು ಬೇರೆಬೇರೆಯಾಗಿ ಬೆಳೆದಿವೆ. ಭಾರತದಲ್ಲಿ ನೂರಕ್ಕೂ ಹೆಚ್ಚು ಜಾತಿಯ ಸಿಹಿನೀರಿನ ಏಡಿಗಳಿವೆ, ಪಶ್ಚಿಮ ಘಟ್ಟದಲ್ಲಿ ಹೊಸವು ಸಿಗುತ್ತಲೇ ಇವೆ. 2022ರಲ್ಲಿ ಯಲ್ಲಾಪುರದ ಕಾಡಿನಲ್ಲಿ ಬಿಳಿ ಮತ್ತು ಕೆಂಪು-ನೇರಳೆ ಎರಡು ಬಣ್ಣದ ಏಡಿ ಸಿಕ್ಕಿತು. ಘಾಟಿಯಾನ ದ್ವಿವರ್ಣ ಎಂದು ಹೆಸರಿಟ್ಟರು. ಕೇರಳದಲ್ಲಿ 2017ರಲ್ಲಿ ವರದಿಯಾದ ಒಂದು ಜಾತಿಯಂತೂ ಮರದ ಪೊಟರೆಯಲ್ಲೇ ವಾಸ. ಪೊಟರೆಯಲ್ಲಿ ನಿಂತ ಮಳೆನೀರು ಸಾಕು ಅದಕ್ಕೆ.

ಗದ್ದೆಯ ಏಡಿಗೆ ಬಿಲ ಬೇಸಿಗೆಯ ಜೀವನಾಧಾರ. ನೀರು ಇಳಿದಂತೆ ತೋಡುತ್ತಾ ತೋಡುತ್ತಾ ತೇವ ಇರುವಲ್ಲಿಗೆ ಹೋಗಿ, ಬಾಯಿಗೆ ಮಣ್ಣು ಮೆತ್ತಿ, ಮಳೆ ಬರುವವರೆಗೆ ಕೂರುತ್ತದೆ. ಮೊದಲ ಜೋರು ಮಳೆಗೆ ಹೊರಬರುತ್ತದೆ. ಹತ್ತುಮೀನಿನ (ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತಿ ಬರುವ ಮೀನು) ಹೊತ್ತಿಗೆ ಬ್ಯಾಟರಿ ಹಿಡಿದು ಹೋದವರಿಗೆ ಏಡಿಯೂ ಸಿಗುವುದು ಹೀಗೆ. ಆ ಬಿಲ ಅಂಚಿನ ಈಚೆಯಿಂದ ಆಚೆಗೆ ತೂತಾದರೆ ಗದ್ದೆಯ ನೀರು ರಾತ್ರೋರಾತ್ರಿ ಬಸಿದುಹೋಗುತ್ತದೆ. ಎಳೆ ಸಸಿಗಳನ್ನೂ ಕತ್ತರಿಸುತ್ತದೆ. ತೊಂದರೆ ಇರುವುದು ನಿಜ.

ಪರಿಹಾರ ನಿಮ್ಮ ತವರಿನ ಹಿರಿಯರಿಗೆ ಗೊತ್ತಿರುವುದೇ. ನೆಟ್ಟಿಗೆ ಮೊದಲು ಅಂಚು ಕಡಿದು, ಬಿಲಗಳನ್ನು ತುಳಿದು ಮುಚ್ಚಿ, ಹದವಾದ ಕೆಸರು ಮೆತ್ತುವುದು. ಕೂಲಿ ಸಿಗುವುದಿಲ್ಲ ಎಂದು ಈ ಕೆಲಸ ಬಿಟ್ಟ ಗದ್ದೆಗಳಲ್ಲೇ ಏಡಿಯ ದೂರು ಹೆಚ್ಚು ಎಂಬುದು ನನ್ನ ಅನಿಸಿಕೆ. ನೆಟ್ಟಿಯಾದ ಮೊದಲ ಎರಡು ಮೂರು ವಾರ ದಿನಕ್ಕೊಮ್ಮೆ ಅಂಚು ಸುತ್ತಿ ಬನ್ನಿ. ಅಂಚಿನ ಹೊರಬದಿಯಲ್ಲಿ ನೀರು ಒಸರುತ್ತಿದ್ದರೆ, ಒಳಬದಿಯ ತೂತು ಹುಡುಕಿ ಅದನ್ನು ಮುಚ್ಚಿ. ಹೊರಗಿನದನ್ನು ಮಾತ್ರ ಮುಚ್ಚಿದರೆ ನೀರು ಪಕ್ಕದಲ್ಲಿ ದಾರಿ ಮಾಡಿಕೊಳ್ಳುತ್ತದೆ. ಬೆಳ್ಳಕ್ಕಿ, ಕೊಕ್ಕರೆಗಳು ಅಂಚಿನ ಮೇಲೆ ಕೂರಲು ಬಿಡಿ, ಮರಿ ಏಡಿಗಳನ್ನು ಅವೇ ಹೆಕ್ಕುತ್ತವೆ. ಬಿಲಕ್ಕೆ ಕೀಟನಾಶಕ ಸುರಿಯುವುದು ಮಾತ್ರ ಬೇಡ. ಅದೇ ನೀರು ಕೆಳಗಿನ ಗದ್ದೆಗೆ, ಅಲ್ಲಿಂದ ಹಳ್ಳಕ್ಕೆ ಹೋಗುತ್ತದೆ. ಅದೇ ಹಳ್ಳದ ಏಡಿ ಮತ್ತೆ ಯಾರದೋ ಮನೆಯ ಕಳಲೆ ಸಾರಿಗೆ ಬರುತ್ತದೆ.

ಸಾರಿನ ಮಾತು ಬಂದದ್ದರಿಂದ ಇದೊಂದು ಹೇಳಬೇಕು. ಸಿಹಿನೀರಿನ ಏಡಿಯನ್ನು ಅರೆಬೆಂದದ್ದು, ಕೆಂಡದ ಮೇಲೆ ಸುಮ್ನೆ ಬಿಸಿ ಮಾಡಿದ್ದು ತಿನ್ನಬೇಡಿ. ಅದರಲ್ಲಿ ಶ್ವಾಸಕೋಶಕ್ಕೆ ಸೇರುವ ಒಂದು ಬಗೆಯ ಹುಳು ಇರಬಹುದು. ಈಶಾನ್ಯ ರಾಜ್ಯಗಳಲ್ಲಿ ಅದರಿಂದ ಕ್ಷಯದಂತೆಯೇ ಕಾಣುವ ಕೆಮ್ಮು, ಕಫದಲ್ಲಿ ರಕ್ತ ಬಂದ ಪ್ರಕರಣಗಳಿವೆ. ಪೂರ್ತಿ ಕುದಿಸಿ ಬೇಯಿಸಿದರೆ ಭಯ ಇಲ್ಲ.

ಮಗನಿಗೆ ಏಡಿ ಸಾಕುವ ಆಸೆ ಇದ್ದರೆ ಮರಳ ಏಡಿ ಬೇಡ. ಮೀಟರ್ ಆಳದ ಒದ್ದೆ ಮರಳನ್ನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೊಡಲು ಆಗುವುದಿಲ್ಲ. ಅದರ ಬದಲು ಹೊನ್ನಾವರದ ಶರಾವತಿ ಕಾಂಡ್ಲಾ ನಡಿಗೆಗೆ ಕರೆದುಕೊಂಡು ಹೋಗಿ. ಕಾಂಡ್ಲಾ ಗಿಡಗಳ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ. ನೀರು ಇಳಿದ ಹೊತ್ತು ನೋಡಿಕೊಂಡು ಹೋಗಬೇಕು, ಏರಿದಾಗ ಹೋದರೆ ಏನೂ ಕಾಣುವುದಿಲ್ಲ. ಒಂದು ಕಡೆ ಕೂತು ಹತ್ತು ನಿಮಿಷ ಅಲುಗಾಡಬೇಡಿ ಎಂದು ಹೇಳಿ. ಕೈ ಬೀಸಿ ತೋರಿಸುವುದೂ ಬೇಡ, ಬೆರಳು ಎತ್ತಿದರೂ ಅವಕ್ಕೆ ಹಕ್ಕಿ ಬಂದ ಹಾಗೆ. ಮೊದಲು ಕಣ್ಣುಗಳು ಬರುತ್ತವೆ, ಆಮೇಲೆ ಏಡಿ, ಆಮೇಲೆ ಜಗಳ.